ಸ್ವಲ್ಪ ಅಂದರೆ ಅರ್ಧ ಇಂಚು

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಮಾತೂ ಕಡಿಮೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ನಾನು ಗುಂಡಿ ಹೊಲಿಯುವವಳು. ಮೂರು ದಿನಕ್ಕೆಂದು ಊರಿಗೆ ಹೊರಟ ಚಿಕ್ಕಮ್ಮ, "ನಾನು ಬರೋದ್ರೊಳಗೆ ಒಂದೂ ಬಟ್ಟೆ ಕೆಡಿಸದೆ ಇದ್ರೆ ಮೆಷಿನ್ ಮುಂದೆ ಕೂರಿಸ್ತೀನಿ. ಕೆಡಿಸಿದ್ಯೋ, ಮತ್ತೆ ಗುಂಡಿನೇ ಗತಿ" ಎಂದರು.

ಕೆಡಿಸುವುದೇ? ನಾನೇ? ಗಿರಾಕಿಗಳ ಬಾಯಲ್ಲಿ ಬರೀ 'ಸ್ವಲ್ಪ', 'ತುಂಬಾ'. ಎಲ್ಲ ಎಡವಟ್ಟಿಗೂ ಅದೇ ಮೂಲ! ಲೋಕದ ಈ ಗೊಂದಲವನ್ನು ನಾನೇ ಬಗೆಹರಿಸುತ್ತೇನೆಂದು ಪಣ ತೊಟ್ಟು, ಸ್ಕೇಲಿಟ್ಟು ಗೆರೆ ಎಳೆದು, ಗೋಡೆಗೊಂದು ಶಾಸನ ಅಂಟಿಸಿದೆ: ಚೂರು – ಕಾಲು ಇಂಚು. ಸ್ವಲ್ಪ – ಅರ್ಧ ಇಂಚು. ತುಂಬಾ – ಮೂರು ಇಂಚು.

ಮೊದಲು ಬಂದದ್ದು ಬಸ್ ಡ್ರೈವರ್ ಮಾಮನ ಹೊಟ್ಟೆ, ಆಮೇಲೆ ಡ್ರೈವರ್ ಮಾಮ. "ಪುಟ್ಟಿ, ಪ್ಯಾಂಟಿನ ಸೊಂಟ ಸ್ವಲ್ಪ ಬಿಡಿಸಮ್ಮ." ಅಳೆದು, ಮತ್ತೆ ಅಳೆದು, ಅರ್ಧ ಇಂಚು ಬಿಡಿಸಿದೆ.

ಹಿಂದೆಯೇ ಪಕ್ಕದ ಮನೆ ಅಜ್ಜಿ, ಮೊಮ್ಮಗುವಿನ ಟೋಪಿ ಹಿಡಿದು. "ತುಂಬಾ ದೊಡ್ಡದಾಯ್ತು ಕಣೇ, ಕೂಸಿನ ಕಣ್ಣೇ ಮುಚ್ಚುತ್ತೆ." ಶಾಸನದ ಪ್ರಕಾರ ಮೂರು ಇಂಚು ಕತ್ತರಿಸಿದೆ.

ಮೂರನೆಯ ದಿನ ಇಬ್ಬರೂ ಒಟ್ಟಿಗೇ ಬಂದರು. ಮಾಮ ಪರದೆ ಹಿಂದೆ ಉಸಿರು ಬಿಗಿಹಿಡಿದು ಪ್ಯಾಂಟ್ ಹಾಕಿಕೊಂಡು ಬಂದು ಸ್ಟೂಲಿನ ಮೇಲೆ ಕೂತರು. ಚರ್ರ್!

"ಏನೇ ಅದು ಸದ್ದು?" ಎಂದರು ಅಜ್ಜಿ.

"ಸ್ವಲ್ಪ ಅಂದ್ರೆ ನಾನು ಹಿಡಿಸೋಷ್ಟು ಅಲ್ವೇನಮ್ಮ!" ಎಂದು ಮಾಮ ಕೂಗಿದರು.

"ಮಾಮ... ಸ್ವಲ್ಪ ಅಂದ್ರೆ ಅರ್ಧ ಇಂಚು. ಅಲ್ಲಿ ಬರೆದಿದೀನಿ."

"ನನ್ನ ಹೊಟ್ಟೆಗೆ ಓದೋಕೆ ಬರಲ್ವಲ್ಲಮ್ಮ!"

ಅಜ್ಜಿ ಟೋಪಿಯನ್ನು ಬೆರಳ ತುದಿಗೆ ಸಿಕ್ಕಿಸಿ ತಿರುಗಿಸಿದರು. "ಇದ್ಯಾರ ತಲೆಗೇ? ನಿಂಬೆಹಣ್ಣಿಗಾ?"

ಮಾಮ ಹಿಂಭಾಗಕ್ಕೆ ಪೇಪರ್ ಒತ್ತಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದರು. ಬಸ್ಸನ್ನೂ ಅಷ್ಟು ಜೋಪಾನವಾಗಿ ರಿವರ್ಸ್ ತೆಗೆದಿರಲಾರರು. ಆದರೂ ಬಾಗಿಲಲ್ಲಿ ಡಿಕ್ಕಿ! ಊರಿಂದ ಬಂದ ಚಿಕ್ಕಮ್ಮನಿಗೇ!

ಚಿಕ್ಕಮ್ಮ ಪೇಪರ್ ನೋಡಿದರು, ಟೋಪಿ ನೋಡಿದರು, ಕೊನೆಗೆ ಗೋಡೆ ಓದಿದರು. ನಗು ತಡೆಯಲು ತುಟಿ ಕಚ್ಚಿಕೊಂಡರು. "ಅಲ್ವೇ, ಇವರ ಹೊಟ್ಟೆಗೂ ಕೂಸಿನ ತಲೆಗೂ ಒಂದೇ ಲೆಕ್ಕಾನಾ? ಸ್ವಲ್ಪ ಅಂದ್ರೆ ಎಷ್ಟು ಅಂತ ತಿಳಿಯೋಕೆ ಹೇಳಿದವರ ಮೈ ನೋಡಬೇಕು, ಗೋಡೆ ನೋಡಿದ್ರೆ ಆಗುತ್ತಾ?"

"ಹಾಗಾದ್ರೆ... ಗುಂಡಿ ಇನ್ನೆಷ್ಟು ದಿನ, ಚಿಕ್ಕಮ್ಮ?"

"ಸ್ವಲ್ಪ ದಿನ."

ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಆದರೂ ಕೇಳಿದೆ, "ಸ್ವಲ್ಪ ಅಂದ್ರೆ?"

ಚಿಕ್ಕಮ್ಮ ಗುಂಡಿಗಳ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಮಡಿಲಿಗಿಟ್ಟರು. "ಇದು ಖಾಲಿ ಆಗೋವರೆಗೆ."

ನಾಳೆ ಬೆಳಿಗ್ಗೆ ಟೇಪ್ ತೆಗೆದುಕೊಂಡು ಹೋಗಿ ಮೊದಲು ಡ್ರೈವರ್ ಮಾಮನ ಸೊಂಟ, ಆಮೇಲೆ ಕೂಸಿನ ತಲೆ ಅಳೆದು ಬರುತ್ತೇನೆ.