ಬಿಲ್ ಇಲ್ಲದಿದ್ದರೆ ಭಂಡಾರ

ಬನಹಟ್ಟಿಯಲ್ಲಿ ನಾನು ಮೊಬೈಲ್ ರಿಪೇರಿ ಅಂಗಡಿ ತೆರೆದ ದಿನ ನಮ್ಮಣ್ಣ ಎದುರಿನ ಚಹಾದಂಗಡಿಯಲ್ಲಿ ಕುಳಿತು ನಾಲ್ಕು ಮಂದಿಗೆ ಕೇಳುವಂತೆ ಹೇಳಿದ: “ನಾಕನೇತ್ತ ಕಲ್ತಾಕಿ ಮೊಬೈಲ್ ಬಿಚ್ಚತಾಳಂತ! ಮೂರ ತಿಂಗಳದಾಗ ತನ್ನ ಕೈಯಾರೆ ಶಟರ್ ಎಳೀತಾಳ, ನೋಡ್ರಿ.”

ನಾಲ್ಕನೇ ತರಗತಿಗೆ ಶಾಲೆ ಬಿಡಿಸಿದ ಮೇಲೆ, ಮಗ್ಗದ ನೂಲಿನ ಗಂಟಿಗೆ ಸುತ್ತಿ ಬಂದ ಹಳೇ ಪೇಪರುಗಳನ್ನೆಲ್ಲ ನಾನು ಓದಿದ್ದೆ. ಮೊಬೈಲ್ ರಿಪೇರಿಯ ಒಂದು ಪುಸ್ತಕವನ್ನು ಹಾಳೆ ಹರಿಯುವತನಕ ಓದಿದ್ದೆ. ಅದು ಅವನಿಗೆ ಗೊತ್ತಿರಲಿಲ್ಲ. ಅಂಗಡಿ ನಡೆಯಿತು. ಆದರೆ ವಾರಕ್ಕೊಬ್ಬರಾದರೂ ತಮ್ಮದಲ್ಲದ ಫೋನ್ ತಂದು ಅದೇ ಮಾತು ಕೇಳುವುದು ಇವತ್ತಿಗೂ ನಿಂತಿಲ್ಲ: “ಅಕ್ಕಾರ, ಇದು ಮತ್ತ ಚಾಲೂ ಆಗತೈತೇನ್ರಿ?”

೧. ಠಾಣೆಯ ಬೆಂಚು

ಮೊದಲ ವರ್ಷ ಏನೂ ಕೇಳದೆ ಒಬ್ಬನ ಫೋನಿನ ಲಾಕ್ ತೆಗೆದುಕೊಟ್ಟೆ. ಅದು ಮುಧೋಳದ ಬಸ್ಸಿನಲ್ಲಿ ಕದ್ದದ್ದು. ನಾಲ್ಕನೇ ದಿನ ಪೊಲೀಸರು ನನ್ನನ್ನೂ ಕರೆಸಿ, ಮುಂಜಾನೆಯಿಂದ ಸಂಜೆತನಕ ಠಾಣೆಯ ಬೆಂಚಿನ ಮೇಲೆ ಕೂಡಿಸಿದರು. ಠಾಣೆಯ ಸಾಹೇಬರು ಹೇಳಿದರು: “ಇನ್ನೊಮ್ಮೆ ಕಳುವಿನ ಮಾಲು ನಿನ್ನ ಕಡೆ ಸಿಕ್ಕರ ಅಂಗಡಿಗೆ ಬೀಗ. ತಿಳೀತಿಲ್ಲೋ?”

ಬೆಂಚಿನ ಆ ತುದಿಗೆ ಕಳ್ಳ ಕುಳಿತಿದ್ದ. ಸಾಹೇಬರು ಒಳಗೆ ಹೋದ ಮೇಲೆ ನನ್ನತ್ತ ಸರಿದು ಮೆಲ್ಲಗೆ ಕೇಳಿದ: “ಅಕ್ಕಾರ, ನನ್ನ ಸ್ವಂತದ ಮೊಬೈಲ್ ಚಾರ್ಜ್ ಹಿಡಿಯವಲ್ದು. ಇಲ್ಲಿಂದ ಬಿಟ್ಟ ಮ್ಯಾಲ ತರ್ತೀನಿ, ನೋಡ್ತೀರೇನ್ರಿ?”

೨. ತಟ್ಟೆ

ಯಾವ ಫೋನ್ ಯಾರದು ಎಂದು ಹೇಳುವ ಯಂತ್ರ ನನ್ನಲ್ಲಿರಲಿಲ್ಲ. ನಮ್ಮದು ಕುರಿ ಕಾಯ್ದ ಮನೆತನ. ಬೀರಪ್ಪನ ಗುಡಿಯ ಅರಿಷಿಣಪುಡಿಗೆ ನಾವು ಭಂಡಾರ ಅನ್ನುತ್ತೇವೆ; ಅದನ್ನು ಮುಟ್ಟಿ ಸುಳ್ಳು ಹೇಳಿದವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಒಂದು ತಟ್ಟೆಯಲ್ಲಿ ಭಂಡಾರ ತಂದು ಟೇಬಲ್ ಮೇಲಿಟ್ಟೆ. ಬಿಲ್ ಇಲ್ಲದವರು ಅದನ್ನು ಮುಟ್ಟಿ ‘ನಂದ’ ಎಂದು ಆಣೆ ಮಾಡಬೇಕು.

ಮೊದಲು ಸಿಕ್ಕವನು ಚಿಮ್ಮಡದ ಕಡೆಯಿಂದ ಬೈಕಿನಲ್ಲಿ ಬಂದಿದ್ದ. ತಟ್ಟೆ ಸರಿಸಿದೆ. “ತಡೀರಿ ಅಕ್ಕಾರ, ನೀರ ಕುಡದ ಬರ್ತೀನಿ” ಎಂದು ಹೋದವನು ತಿರುಗಿ ಬರಲಿಲ್ಲ. ಫೋನ್ ನನ್ನ ಮುಂದೆಯೇ ಇತ್ತು. ಸಂಜೆ ನೋಡಿದರೆ ಬೈಕೂ ಅಲ್ಲೇ ನಿಂತಿತ್ತು. ಎರಡನ್ನೂ ಠಾಣೆಗೆ ಒಪ್ಪಿಸಿದೆ. ಆಣೆ ಫೋನಿಗಷ್ಟೇ ಎಂದು ಅವನಿಗೆ ಹೇಳುವುದನ್ನು ಮರೆತಿದ್ದೆ.

೩. ಉಂಡೀಯೇನು?

ಇದಕ್ಕೆ ನಗಬೇಕೋ ಬೇಡವೋ ನನಗಿನ್ನೂ ತಿಳಿದಿಲ್ಲ. ಬಾಡಗಂಡಿ ಕಡೆಯ ಒಬ್ಬ ಹೆಣ್ಣುಮಗಳ ಗಂಡ ಕಬ್ಬಿನ ಟ್ರ್ಯಾಕ್ಟರಿನಡಿ ಸಿಕ್ಕು ಸತ್ತ. ಗದ್ದಲದಲ್ಲಿ ಯಾರೋ ಹೆಣದ ಕಿಸೆಯಿಂದ ಮೊಬೈಲ್ ಎತ್ತಿಕೊಂಡರು. ಸತ್ತವನ ತಾಯಿಗೆ ಅರಳುಮರಳು. ದಿನಾ ಉಣ್ಣುವ ಹೊತ್ತಿಗೆ ಸೊಸೆಯಿಂದ ಆ ನಂಬರಿಗೆ ಹಚ್ಚಿಸಿ, “ಉಂಡೀಯೇನೋ ತಮ್ಮಾ?” ಎಂದು ಕೇಳುವಳು. ಎರಡು ದಿನ ಆ ಕಡೆಯಿಂದ ಬೈಗಳು ಬಂದವು. ಮೂರನೇ ದಿನ ಉತ್ತರ ಬಂತು: “ಉಂಡೀನಬೇ.”

ಹದಿನೈದು ದಿನಕ್ಕೆ ಮೊಬೈಲ್ ಅವರ ಮನೆಯ ಕಟ್ಟೆಯ ಮೇಲಿತ್ತು. ಜೊತೆಗೊಂದು ಚೀಟಿ: ‘ಈ ಮುದುಕಿ ನನ್ನ ಉಣ್ಣಾಕ ಬಿಡವಲ್ಲಳು.’

ನೀರು ಬಿದ್ದು ಬಂದ್ ಆಗಿದ್ದ ಅದನ್ನು ಸೊಸೆ ನನ್ನಲ್ಲಿಗೆ ತಂದಳು. ಚಾಲೂ ಮಾಡಿಕೊಟ್ಟೆ. ವಾರದ ಮೇಲೆ ಅತ್ತೆಯನ್ನೇ ಕರೆತಂದಳು. ಮುದುಕಿ ನನ್ನ ಮೇಲೆ ಹರಿಹಾಯ್ದಳು: “ಏನ್ ರಿಪೇರಿ ಮಾಡಿದ್ಯವ್ವಾ ನೀ? ಕಳುವಾದಾಗ ಛಲೋ ಮಾತಾಡತಿತ್ತು!”

೪. ನಮ್ಮಣ್ಣ

ಮೂರು ವರ್ಷ ಅಂಗಡಿಯ ಮೆಟ್ಟಿಲು ಹತ್ತದ ಅಣ್ಣ ಒಂದು ಮಧ್ಯಾಹ್ನ ಬಂದ. ಕೈಯಲ್ಲಿ ಟಚ್ ಸ್ಕ್ರೀನಿನ ಹೊಸ ಮೊಬೈಲ್.

“ಲಾಕ್ ತಗಿ.”

“ಬಿಲ್?”

“ಒಡಹುಟ್ಟಿದಾಂವಗ ಬಿಲ್ ಕೇಳ್ತೀಯೇನ್ಬೇ?”

ತಟ್ಟೆ ಸರಿಸಿದೆ. ಅವನು ಭಂಡಾರವನ್ನು ಹಣೆತುಂಬ ಬಳಿದುಕೊಂಡು, “ಬೀರಪ್ಪನಾಣಿ, ನಂದ” ಅಂದ. ಬಟನ್ ಒತ್ತಿದೆ. ಲಾಕಿನ ಮೇಲೆಯೇ ಫೋಟೋ ಬಂತು: ಅಂಗಡಿಗೆ ಬೀಗ ಹಾಕುತ್ತೇನೆ ಅಂದಿದ್ದ ಅದೇ ಸಾಹೇಬರು, ಹೆಂಡತಿ ಮಕ್ಕಳ ಜೊತೆ.

“ಇವರ್ಯಾರಣ್ಣಾ?”

ಅಣ್ಣ ಬಗ್ಗಿ ನೋಡಿದ. “ದೋಸ್ತ.”

ಬಿಟ್ಟು ಕಳಿಸಿದರೆ ಅಂಗಡಿ ಹೋಗುತ್ತದೆ. ಹಿಡಿದುಕೊಟ್ಟರೆ ಅಣ್ಣ ಹೋಗುತ್ತಾನೆ. ಫೋನ್ ಹಿಡಿದೇ ಹೊರಗೆ ಬಂದು ನನ್ನ ಕೈಯಾರೆ ಶಟರ್ ಎಳೆದೆ, ಅವನನ್ನು ಒಳಗೇ ಬಿಟ್ಟು. ಅಷ್ಟರಮಟ್ಟಿಗೆ ಅವನ ಮಾತು ಖರೆಯಾಯಿತು.

ಠಾಣೆಗೆ ಹೇಳಿಕಳಿಸಿದೆ, ಸಾಹೇಬರು ಬಂದರು. ಶಟರ್ ಎತ್ತಿದೆ. ಅವರು ಕೈ ಚಾಚಿದರು: “ಕೊಡವಾ, ನಂದ.”

“ಬಿಲ್ ಐತೇನ್ರಿ ಸಾಹೇಬ್ರ?”

“ಇಲ್ಲ.”

“ಹಂಗಾರ ಭಂಡಾರ ಮುಟ್ರಿ.”

ಚಹಾದಂಗಡಿಯ ಮಂದಿಯೆಲ್ಲ ಎದ್ದು ನಿಂತಿದ್ದರು. ಸಾಹೇಬರ ಕೈ ತಟ್ಟೆಯವರೆಗೆ ಹೋಯಿತು, ನಿಂತಿತು, ಹಿಂದಕ್ಕೆ ಬಂತು.

“ಪೂರ್ತಿ ನಂದ ಅಂತ ಹೆಂಗ ಹೇಳ್ಲಿ? ಒಬ್ಬಾಂವ ಪ್ರೀತಿಲೆ ಕೊಟ್ಟಿದ್ದು.”

ಒಳಗಿನಿಂದ ಅಣ್ಣ ಕೂಗಿದ: “ನಾ ಆಣಿ ಮಾಡೀನಲ್ಲ! ಹಂಗಾರ ನನಗ ಕೊಡ್ರಿ!”

ಸಾಹೇಬರು ಫೋನನ್ನೂ ಒಯ್ದರು, ಅಣ್ಣನನ್ನೂ ಒಯ್ದರು.

ಈಗ ಅಂಗಡಿಯ ಜಾಗ ಕೊಂಡು ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೇನೆ. ಅಣ್ಣ ಕುಳಿತು ಮಾತಾಡಿದ ಆ ಚಹಾದಂಗಡಿಯ ಜಾಗವೂ ನನ್ನದೇ. ದುಡ್ಡಲ್ಲದೆ ನಾನು ತೆತ್ತದ್ದು ತವರು. ನಾಗರಪಂಚಮಿಗೆ ತವರಿಗೆ ಕರೆಯಲು ಅಣ್ಣ ಬರುವುದಿಲ್ಲ. ಆ ದಿನವೂ ಅಂಗಡಿಯ ಶಟರ್ ಎತ್ತಿಯೇ ಇರುತ್ತದೆ.