ಬೆನ್ನ ಹಿಂದಿನ ಚೀತಾ

ಕ್ಯಾಮೆರಾ ಹಿಡಿದವರಿಗೆ ಪ್ರಾಣಿ ಕಾಣುವುದಿಲ್ಲ, ಪ್ರಾಣಿ ಕಂಡವರ ಕೈಯಲ್ಲಿ ಕ್ಯಾಮೆರಾ ಇರುವುದಿಲ್ಲ. ಬೇರೆಯವರ ಮನೆಯಲ್ಲಿ ಇದು ಅಪರೂಪಕ್ಕೆ ಆಗುತ್ತದಂತೆ. ನಮ್ಮಲ್ಲಿ ವಾರ ತಪ್ಪುವುದಿಲ್ಲ.

ಮೊದಲು ನನಗೆ ಸುದ್ದಿ ಹೇಳಿದವರು ಒಮಾನಿನ ಅಲ್ ಹೈಲ್‌ನಲ್ಲಿ ನಮ್ಮ ಫ್ಲಾಟಿನ ಕೆಳಗೆ ದಿನಸಿ ಅಂಗಡಿ ಇಟ್ಟಿರುವ ಉಳ್ಳಾಲದ ಕಾಕಾ. ನೀರುಳ್ಳಿ ತೂಗುತ್ತಾ, ತಕ್ಕಡಿಯಿಂದ ಕಣ್ಣು ತೆಗೆಯದೆ, “ಅಕ್ಕಾ, ನಿಮ್ಮ ಚೀತಾ ಸಿಕ್ಕಿತು,” ಎಂದರು.

“ಯಾವ ಚೀತಾ ಕಾಕಾ?”

“ನೀವು ಫೋಟೋ ತೆಗೀಲಿಕ್ಕೆ ಹುಡುಕುವುದಿಲ್ವಾ, ಅದು. ದುಕ್ಮ್ ರಸ್ತೆಯಲ್ಲಿ ಟ್ಯಾಂಕರ್ ಓಡಿಸುವ ನಮ್ಮವನೊಬ್ಬ ನೋಡಿದ್ದಾನೆ. ತಾಯಿ, ಎರಡು ಮರಿ. ಕಿವಿ ಇಷ್ಟುದ್ದ,” ಎಂದು ಪಕ್ಕದಲ್ಲಿದ್ದ ನುಗ್ಗೆಕಾಯಿ ಎತ್ತಿ ತೋರಿಸಿದರು.

ಚೀತಾ ಈ ದೇಶದಲ್ಲಿ ಈಗಿಲ್ಲ, ನಮ್ಮ ಅಪ್ಪಂದಿರ ಕಾಲಕ್ಕೇ ಮುಗಿದು ಹೋಯಿತು. ಕಿವಿ ಉದ್ದ ಎಂದ ಮೇಲೆ ಅದು ಕ್ಯಾರಕಲ್ ಎಂಬ ಕಾಡುಬೆಕ್ಕೇ ಆಗಬೇಕು: ಮಣ್ಣಿನ ಬಣ್ಣ, ಬೀದಿನಾಯಿಯಷ್ಟು ಎತ್ತರ, ಕಿವಿಯ ತುದಿಗೆ ಕರೀ ಜುಟ್ಟು. ಇಷ್ಟನ್ನೂ ಅಂಗಡಿಯಲ್ಲೇ ನಿಂತು ವಿವರಿಸಿದೆ. ಕಾಕಾ ಸಹನೆಯಿಂದ ಕೇಳಿ, “ಅದೇ ಅಲ್ವಾ ನಾನು ಹೇಳಿದ್ದು, ಚೀತಾ,” ಎಂದು ನೀರುಳ್ಳಿ ಕಟ್ಟಿ ಕೊಟ್ಟರು.

ಮೂರು ಚಳಿಗಾಲದಿಂದ ನಾನು ಇದೇ ಪ್ರಾಣಿಯ ಹಿಂದೆ ಬಿದ್ದವಳು. ಮೆಟ್ಟಿಲು ಹತ್ತುತ್ತಿರುವಾಗಲೇ ನಮ್ಮ ಕನ್ನಡಿಗರ ಕೂಟದ ಕಾರ್ಯದರ್ಶಿ ಫೋನ್ ಮಾಡಿದರು. ಫೋಟೋ ಪ್ರದರ್ಶನದ ಆಮಂತ್ರಣ ಅಚ್ಚಿಗೆ ಹೋಗುತ್ತಿದೆ, ನಿಮ್ಮದು ಯಾವ ಚಿತ್ರ ಎಂದು ಬರೆಯಲಿ? ನಾನು ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ: ‘ಮರುಭೂಮಿಯ ತಾಯಿ ಮತ್ತು ಮರಿಗಳು’. ಅಚ್ಚಾಗಿಯೇ ಹೋಯಿತು. ಗೋಡೆಯಲ್ಲಿ ನಡುವಿನ ಜಾಗವೂ ನನಗೇ ಮೀಸಲು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ಇನ್ನು ಕೂಸು ಬೇಕಿತ್ತು. ಅದೂ ಎರಡು, ತಾಯಿ ಸಮೇತ.

ವೇಷ

ಇಲ್ಲಿ ರಜೆ ಶುಕ್ರವಾರ. ಪ್ರದರ್ಶನಕ್ಕೆ ಮುಂಚೆ ಕೈಯಲ್ಲಿದ್ದದ್ದು ಕೆಲವೇ ಶುಕ್ರವಾರಗಳು. ಪ್ರಾಣಿಗೆ ಕಾಣದಂತೆ ಕೂರಬೇಕು ಎಂದು ನಮ್ಮವರು ಆನ್‌ಲೈನಿನಲ್ಲಿ ಎರಡು ಜಾಕೆಟ್ ತರಿಸಿದರು. ಬಿಚ್ಚಿ ನೋಡಿದರೆ ಹಚ್ಚ ಹಸಿರು. ಮೈತುಂಬ ಎಲೆ, ಬಳ್ಳಿ, ನಡುವೆ ಒಂದೆರಡು ಜರಿಗಿಡ.

“ನಾವು ಹೋಗುವ ಕಡೆ ಇಂಥ ಎಲೆ ಒಂದಾದರೂ ಉಂಟಾ?” ಎಂದು ಕೇಳಿದೆ.

“ಕಂಪನಿಯವರಿಗೆ ಗೊತ್ತಿಲ್ಲದೆ ಮಾಡ್ತಾರಾ?” ಎಂದರು.

ಹೀಗೆ ಆ ಟ್ಯಾಂಕರಿನವನು ಹೇಳಿದ ಒಣ ಕಣಿವೆಯ ನಡುವೆ, ಕಂದು ಬಂಡೆ, ಹಳದಿ ಮರಳು, ನೀಲಿ ಆಕಾಶದ ಕೆಳಗೆ, ನಾವಿಬ್ಬರು ಎರಡು ಪೊದೆಗಳಾಗಿ ಕುಳಿತೆವು. ದೂರದ ರಸ್ತೆಯಲ್ಲಿ ಹೋಗುತ್ತಿದ್ದ ಕಂಪನಿ ಬಸ್ಸೊಂದು ನಿಧಾನ ಮಾಡಿತು. ಕಿಟಕಿ ಕಿಟಕಿಯಲ್ಲೂ ಫೋನ್ ಹೊರಬಂತು. ಆ ದಿನ ಆ ಕಣಿವೆಯಲ್ಲಿ ಯಾರಾದರೂ ಅಪರೂಪದ ಪ್ರಾಣಿಯ ಫೋಟೋ ತೆಗೆದಿದ್ದರೆ ಅದು ಅವರೇ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಏನೋ ಎಳೆದಂತಾಯಿತು ಎಂದು ನಮ್ಮವರು ಉಸಿರು ಬಿಗಿಹಿಡಿದರು. “ಬಂತು,” ಎಂದರು, ತುಟಿ ಅಲುಗದ ಹಾಗೆ. ನಾನು ಕಣ್ಣಂಚಿನಲ್ಲೇ ನೋಡಿದೆ. ಒಂದು ಆಡು ಅವರ ತೋಳಿನ ಜರಿಗಿಡವನ್ನು ಬಹಳ ಆಸ್ಥೆಯಿಂದ ಜಗಿಯುತ್ತಿತ್ತು.

ಏನೇ ಹೇಳಿ, ವೇಷವನ್ನು ನಂಬಿದವರು ಒಬ್ಬರಾದರೂ ಸಿಕ್ಕಿದರು.

ಕಹ್ವಾ

ಆಡಿನ ಹಿಂದೆಯೇ ಅದರ ಯಜಮಾನರು ಬಂದರು. ಬಿಳಿ ಗಡ್ಡದ ಒಮಾನಿ ಮುದುಕರು, ಕಣಿವೆಯ ಬಾಯಲ್ಲೇ ಮನೆ, ಮನೆಯೆದುರು ಆಡುಗಳಿಗೆ ನೀರಿನ ತೊಟ್ಟಿ. ಅಲ್ಪಸ್ವಲ್ಪ ಹಿಂದಿ ಮಾತಾಡುತ್ತಿದ್ದರು. ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಏನೂ ಕೇಳದೆ, ಮೊದಲು ಕಹ್ವಾ, ಅಂದರೆ ಏಲಕ್ಕಿ ಹಾಕಿದ ಅರಬ್ಬೀ ಕಾಫಿ, ಕುಡಿಯಿರಿ ಎಂದರು. ಬಟ್ಟೆಯ ವಿಷಯ ಎತ್ತದಿರುವುದೂ ಒಂದು ದೊಡ್ಡತನ.

ಅಂದಿನಿಂದ ಅವರ ಮನೆ ದಾಟದೆ ಕಣಿವೆಗೆ ಹೋಗುವಂತಿಲ್ಲ, ಕಹ್ವಾ ಕುಡಿಯದೆ ಮನೆ ದಾಟುವಂತಿಲ್ಲ. ಸಾಕು ಎನ್ನಬೇಕಾದರೆ ಕಪ್ ಅಲ್ಲಾಡಿಸಬೇಕು, ಅದು ನಮಗೆ ಗೊತ್ತು. ಆದರೆ ಅಲ್ಲಾಡಿಸಿದರೆ ನಿಲ್ಲುವುದು ಕಹ್ವಾ ಮಾತ್ರ. ಖರ್ಜೂರಕ್ಕೆ, ಹಲ್ವಾಕ್ಕೆ, ಜೇನು ಸುರಿದ ರೊಟ್ಟಿಗೆ ಅಲ್ಲಾಡಿಸಲು ಏನೂ ಇಲ್ಲ. ನಮ್ಮವರು ನಮ್ಮೂರಿನ ಮರ್ಯಾದೆಯಂತೆ ಪ್ರತಿಯೊಂದಕ್ಕೂ ಮೊದಲು “ಬೇಡ ಬೇಡ” ಎಂದು, ಆಮೇಲೆ ತಟ್ಟೆ ಖಾಲಿ ಮಾಡುತ್ತಿದ್ದರು. ಬೆಳಕು ಹರಿಯುವ ಮೊದಲೇ ಹೋದವರು ನೆತ್ತಿಯ ಮೇಲೆ ಸೂರ್ಯ ಬರುವವರೆಗೂ ಅಲ್ಲೇ.

ಒಂದು ದಿನ ಕೊನೆಗೂ ಎದ್ದು ಕೈ ತೊಳೆಯುತ್ತಾ ನಾನು ಕೇಳಿದೆ: “ಬಾಬಾ, ಎರಡು ಮರಿ ಇರುವ ಕಾಡುಬೆಕ್ಕು ಈ ಕಡೆ ಬರುತ್ತದಾ?”

“ಬಂದಿತ್ತಲ್ಲ.”

“ಯಾವಾಗ?”

“ಈಗ. ನಿಮ್ಮ ಬೆನ್ನ ಹಿಂದೆ ತೊಟ್ಟಿಯಲ್ಲಿ ನೀರು ಕುಡಿದು ಹೋಯಿತು. ಮರಿಗಳೂ ಇದ್ದವು. ಚೆನ್ನಾಗಿದ್ದವು.”

ನಾನು ಒದ್ದೆ ಕೈಯಲ್ಲೇ ತೊಟ್ಟಿಯತ್ತ ಓಡಿದೆ. ನಮ್ಮವರು ಕೇಳಿದರು, “ಹೇಳಬಾರದಿತ್ತಾ?”

ಮುದುಕರಿಗೆ ಬೇಸರವಾಯಿತು. “ತಿನ್ನುತ್ತಿರುವ ಅತಿಥಿಯನ್ನು ಎಬ್ಬಿಸುವುದಾ? ಅದು ನಮ್ಮಲ್ಲಿಲ್ಲ.”

ವಾಪಸ್ ಬರುವಾಗ ಕಾರಿನಲ್ಲಿ ನಾನು ನಮ್ಮವರ ಜೊತೆ ಮಾತಾಡಲಿಲ್ಲ. ಎರಡನೇ ರೊಟ್ಟಿ ತೆಗೆದುಕೊಂಡವರು ಅವರು.

ಎಲ್ಲಿದೆ ಹೇಳಿ

ಭಾನುವಾರ ಬೆಳಿಗ್ಗೆ ಮತ್ರಾದ ನಮ್ಮ ಆಫೀಸಿನಲ್ಲಿ ಕೆಲಸ ಶುರುವಾಗುವುದು ಒಂದೇ ಪ್ರಶ್ನೆಯಿಂದ: “ಮೇಡಂ, ಸಿಕ್ಕಿತಾ?” ಆಮಂತ್ರಣ ಎಲ್ಲರ ಮೇಜಿನ ಮೇಲೂ ಇದೆ. ನನ್ನ ಹತ್ತಿರ ಇದ್ದದ್ದು ಬಂಡೆಗಳು. ಬೆಳಗಿನ ಬಂಡೆ, ಮಧ್ಯಾಹ್ನದ ಬಂಡೆ, ನೆರಳಿರುವ ಬಂಡೆ. ಆದರೂ ಮರ್ಯಾದೆ ಪ್ರಶ್ನೆ ನೋಡಿ, ಒಂದನ್ನು ಕಂಪ್ಯೂಟರ್ ಪರದೆಯಲ್ಲಿ ಹಾಕಿ, “ಇದರಲ್ಲಿ ಎಲ್ಲೋ ಇದೆ. ಅದರ ಬಣ್ಣವೇ ಹಾಗೆ, ಸುಲಭಕ್ಕೆ ಕಾಣುವುದಿಲ್ಲ,” ಎಂದೆ.

ಇಡೀ ಆಫೀಸು ನನ್ನ ಕುರ್ಚಿಯ ಹಿಂದೆ ಸೇರಿತು. ಲೆಕ್ಕಪತ್ರದವರು ಕಿವಿ ಕಂಡಿತು ಎಂದರು. ಇನ್ನೊಬ್ಬರು ಬಾಲ ಎಂದರು. ಕೊನೆಗೆ ಮ್ಯಾನೇಜರ್ ಕನ್ನಡಕ ಏರಿಸಿಕೊಂಡು ಬಂದು, ಪರದೆಯ ಮೂಲೆಗೆ ಬೆರಳಿಟ್ಟು, “ಇಲ್ಲಿದೆ. ಕಂದು ಬಣ್ಣ. ಕಾಲು ಮಡಚಿ ಕೂತಿದೆ. ಏನನ್ನೋ ಹಿಡಿದುಕೊಂಡು ತಿನ್ನುತ್ತಿದೆ. ಬೇಟೆಯಾಡಿದೆ, ನೋಡಿ, ಎಷ್ಟು ಗಂಭೀರ,” ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹತ್ತಿರಕ್ಕೆ ಬಾಗಿ ನೋಡಿದೆ.

ಆಡಿನ ಪ್ರಕರಣದ ನಂತರ ನಮ್ಮವರು ಹಸಿರು ಜಾಕೆಟ್ ಬಿಟ್ಟು ಮಣ್ಣಿನ ಬಣ್ಣದ ಹಳೇ ಹೊದಿಕೆ ಹೊದೆಯಲು ಶುರು ಮಾಡಿದ್ದರು. ಮೊಟ್ಟೆ ಸುಲಿದು ತಿನ್ನುತ್ತಿದ್ದರು.

ಅತ್ತೆ

ಅಷ್ಟರಲ್ಲಿ ನಮ್ಮವರ ತಾಯಿ ವಿಸಿಟ್ ವೀಸಾದಲ್ಲಿ ಮೂಡುಬಿದಿರೆಯಿಂದ ಬಂದಿಳಿದರು. ಅತ್ತೆ ಮಾತಾಡುವುದು ತುಳುವಿನಲ್ಲಿ, ನಾನು ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ.

“ಬೆಕ್ಕು ನೋಡ್ಲಿಕ್ಕೆ ಇಷ್ಟು ದೂರ ಹೋಗುವುದಾ? ನಮ್ಮ ಮನೆಯ ಹಿಂದೆ ಐದುಂಟು. ಕರೆದರೆ ಬರ್ತವೆ ಕೂಡ.”

“ಅತ್ತೆ, ಇದು ಆ ಬೆಕ್ಕಲ್ಲ.”

“ಮತ್ತೆ? ಇದು ಹಾಲು ಕುಡಿಯುವುದಿಲ್ವಾ?”

ಪ್ರದರ್ಶನಕ್ಕೆ ಮುಂಚಿನ ಕೊನೆಯ ಶುಕ್ರವಾರ. ಒಬ್ಬಳೇ ಮನೆಯಲ್ಲಿ ಗೋಡೆ ನೋಡುತ್ತಾ ಕೂರಲಾರೆ ಎಂದು ಅತ್ತೆಯೂ ಹೊರಟರು. ತೊಡೆಯ ಮೇಲೆ ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಡಬ್ಬ. ಹೋಗಿ ನೋಡಿದರೆ ಬಿಸಿಲು ಏರಿ, ಕಣಿವೆಯಲ್ಲಿ ನೀರು ನಿಲ್ಲುತ್ತಿದ್ದ ಒಂದೇ ಹೊಂಡವೂ ಒಣಗಿತ್ತು. ಮುದುಕರು ಆಡುಗಳನ್ನು ಹೊಡೆದುಕೊಂಡು ಮೇಲಿನ ಕಣಿವೆಗೆ ಹೋಗಿದ್ದರು, ತೊಟ್ಟಿಯೂ ಖಾಲಿ. ಎಲ್ಲೂ ಹನಿ ನೀರಿಲ್ಲ.

“ಇನ್ನು ಇಲ್ಲಿಗೆ ಯಾಕೆ ಬರ್ತದೆ?” ಎಂದೆ.

“ಅಭ್ಯಾಸಬಲ ಅಂತ ಒಂದುಂಟಲ್ಲ,” ಎಂದರು ನಮ್ಮವರು.

ದೊಡ್ಡ ಬಂಡೆಯ ಆಚೆ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಅತ್ತೆಗೆ ಸೆಕೆಯಾಗದಿರಲೆಂದು ಎಸಿ ಹಾಕಿಯೇ ಬಿಟ್ಟು, “ಗಾಜು ಇಳಿಸಬೇಡಿ, ಸದ್ದು ಮಾಡಬೇಡಿ,” ಎಂದು ಹೇಳಿ, ನಾವು ಬಂಡೆಯ ಈಚೆ ಬಂದು ಒಣ ಹೊಂಡಕ್ಕೆ ಗುರಿಯಿಟ್ಟು ಮಲಗಿದೆವು. ಒಂದು ಹಲ್ಲಿ ಬಂತು. ಅದೇ ಹಲ್ಲಿ ಹೋಯಿತು. ಗೋಡೆಯ ನಡುವೆ ನನ್ನ ಹೆಸರಿನ ಕೆಳಗೆ ಖಾಲಿ ಚೌಕಟ್ಟು ತೂಗುವುದು ಕಣ್ಣಿಗೆ ಕಟ್ಟಿತು.

ಆಗ ಜೇಬಿನಲ್ಲಿ ಫೋನ್ ನಡುಗಿತು. ಮನೆಯವರ ವಾಟ್ಸ್ಆ್ಯಪ್ ಗುಂಪು. ಮೂಡುಬಿದಿರೆಯಿಂದ ನಾದಿನಿ ಬರೆದಿದ್ದಳು: “ಅತ್ತಿಗೆ, ಅಮ್ಮನ ಹತ್ತಿರ ಬಂದ ಬೆಕ್ಕು ಯಾವುದು? ಪಾಪ, ಬಾಣಂತಿ ಹಾಗೆ ಕಾಣ್ತದೆ. ಹೊಟ್ಟೆಗೆ ಎಂತಾದ್ರೂ ಹಾಕಿ.”

ಕೆಳಗೊಂದು ಫೋಟೋ. ಕಿವಿಯ ಜುಟ್ಟು ನೆಟ್ಟಗೆ ಮಾಡಿಕೊಂಡು ನೇರ ಕ್ಯಾಮೆರಾ ನೋಡುತ್ತಿರುವ ತಾಯಿ. ಅದರ ಮುಂಗಾಲಿನ ನಡುವೆ ಎರಡು ಮರಿ, ಪಕ್ಕದಲ್ಲಿ ಯಾವುದೋ ಕಾರಿನ ಕನ್ನಡಿ.

ಫೋನನ್ನು ನಮ್ಮವರ ಮೂಗಿಗೆ ಹಿಡಿದೆ. ಅವರು ಬಹಳ ಹೊತ್ತು ನೋಡಿ ಪಿಸುಗುಟ್ಟಿದರು: “ಇದು ನಮ್ಮ ಕಾರಿನ ಕನ್ನಡಿ ಅಲ್ವಾ?”

ತೆವಳಿದೆವು, ಎದ್ದೆವು, ಓಡಿದೆವು. ಬಂಡೆ ಸುತ್ತಿ ಬಂದರೆ ಅಲ್ಲಿ ಕಾರು, ಕಾರಿನೊಳಗೆ ಅತ್ತೆ. ಎಸಿಯ ನೀರು ತೊಟ್ಟಿಕ್ಕಿ, ಇಳಿಜಾರಿನಲ್ಲಿ ಹರಿದು, ಅತ್ತೆಯ ಕಿಟಕಿಯ ಪಕ್ಕ ಅಂಗೈಯಗಲ ಒದ್ದೆಯಾಗಿತ್ತು. ಆ ಕಣಿವೆಯಲ್ಲಿದ್ದ ನೀರು ಅಷ್ಟೇ. ಒದ್ದೆಯ ಸುತ್ತ ಪುಟ್ಟ ಪುಟ್ಟ ಪಾದದ ಗುರುತು.

ಅತ್ತೆ ಗಾಜು ಇಳಿಸಿದರು. “ಈಗ ಹೋದವು ನೋಡು. ನೀವು ಹಾಗೆ ಧಡಬಡ ಓಡಿ ಬಂದರೆ ನಿಲ್ತವಾ?”

“ಅತ್ತೆ, ನನ್ನನ್ನು ಕರೆಯಬಾರದಿತ್ತಾ?”

“ಸದ್ದು ಮಾಡಬೇಡಿ ಅಂದದ್ದು ನೀನಲ್ವಾ? ಮತ್ತೆ, ಅವು ನೀರು ಕುಡೀತಾ ಇದ್ದವು. ಕುಡಿಯುವವರನ್ನು ಯಾರಾದರೂ ಎಬ್ಬಿಸ್ತಾರಾ?”

ಆ ಮುದುಕರಿಗೂ ಅತ್ತೆಗೂ ಪರಿಚಯವೇ ಇಲ್ಲ ಎಂದರೆ ನಂಬುವುದು ಕಷ್ಟ.

ಪ್ರದರ್ಶನದಲ್ಲಿ ನಡುಗೋಡೆಗೆ ಆ ಚಿತ್ರವೇ ಏರಿತು. ಎಡಗಡೆ ಅತ್ತೆಯ ಅರ್ಧ ಕನ್ನಡಕ ಮತ್ತು ಇಡೀ ಮೂಗು, ನಡುವೆ ಕಾರಿನ ಕನ್ನಡಿ, ತಾಯಿ, ಮರಿ, ಮೇಲಿನ ಮೂಲೆಯ ಸಣ್ಣ ಚೌಕದಲ್ಲಿ ತೆಂಗಿನಕಾಯಿ ತುರಿಯುತ್ತಿರುವ ನಾದಿನಿ. ವೀಡಿಯೋ ಕಾಲ್ ಹಿಡಿದವರು ಅತ್ತೆ, ಸ್ಕ್ರೀನ್‌ಶಾಟ್ ಹೊಡೆದವಳು ನಾದಿನಿ. ಶೀರ್ಷಿಕೆ ಮಾತ್ರ ನನ್ನದು.

ಜನ ಅತ್ತೆಯನ್ನು ಸುತ್ತುವರಿದರು. ಕತ್ತಿಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡಿದ್ದ ಒಬ್ಬರು ಬಹಳ ವಿನಯದಿಂದ ಕೇಳಿದರು, “ಅಮ್ಮಾ, ಇಂಥದ್ದೊಂದು ಕ್ಷಣಕ್ಕೆ ಎಷ್ಟು ಹೊತ್ತು ಕಾದಿರಿ?”

“ನಾನೆಂತಕ್ಕೆ ಕಾಯುವುದು ಮಾರಾಯ?” ಎಂದರು ಅತ್ತೆ. “ಕಾದದ್ದು ಅವು. ನಾನು ಮಗಳ ಹತ್ತಿರ ಮಾತಾಡ್ತಾ ಇದ್ದೆ.”

ಇಷ್ಟೇ ನಡೆದದ್ದು. ನಗು ಬಂದಿದ್ದರೆ ನೀವೂ ನಾಲ್ಕು ಜನರಿಗೆ ಹೇಳಿ. ಜಾಗ ಮಾತ್ರ ಹೇಳಬೇಡಿ, ಬಾಣಂತಿ ಹಾಯಾಗಿರಲಿ. ಮತ್ತೆ, ದಯವಿಟ್ಟು, ನಾನು ಹೇಳಿದಷ್ಟೇ ಹೇಳಿ: ಒಂದು ಕಾಡುಬೆಕ್ಕು, ಎರಡು ಮರಿ. ಯಾಕೆಂದರೆ ನಿನ್ನೆ ಕೊತ್ತಂಬರಿ ಸೊಪ್ಪಿಗೆಂದು ಕೆಳಗಿಳಿದಿದ್ದೆ. ಕಾಕಾ ಯಾರಿಗೋ ವಿವರಿಸುತ್ತಿದ್ದರು. ಹುಲಿ, ನಾಲ್ಕು ಮರಿ, ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕದಲ್ಲೇ ಕೂತು, ಬಂಗುಡೆ ತಿಂದು ಹೋಯಿತಂತೆ.