ಮಸಾಯಿ ಕೊರಳಪಟ್ಟಿಯೂ ನನ್ನ ಗಣಿತವೂ

ಸಮಾಜವನ್ನು ತಿದ್ದಲು ಹೊರಟವನ ಕೈಗೆ ಮೊದಲು ಸಿಕ್ಕಿಬೀಳುವವರು ಅವನ ಮನೆಯ ಮಕ್ಕಳೇ. ಉಳಿದ ಸಮಾಜಕ್ಕೆ ತಪ್ಪಿಸಿಕೊಳ್ಳಲು ಬೇಕಾದಷ್ಟು ದಾರಿಗಳಿವೆ. ತರಗತಿಯ ಕೋಣೆಯಲ್ಲಿ ಮಕ್ಕಳ ಕುತೂಹಲ ಸಾಯುತ್ತದೆ ಎಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಗೆದ್ದವನು ನಾನು. ಅದೇ ವಿಷಯದ ಮೇಲೆ ಮರುವರ್ಷ ವಿರೋಧವಾಗಿ ವಾದಿಸಿಯೂ ಗೆದ್ದಿದ್ದೆ. ಆದರೆ ನಂಬಿಕೆ ಉಳಿದದ್ದು ಮೊದಲನೆಯದರಲ್ಲಿ. ಆದ್ದರಿಂದ ಕಳೆದ ವರ್ಷ ಹನ್ನೊಂದರ ಮಗಳು ಮೈತ್ರಿಯನ್ನು ಶಾಲೆ ಬಿಡಿಸಿ, ಬೀದರಿನ ನಮ್ಮ ಮನೆಯಲ್ಲೇ ಪಾಠ ಆರಂಭಿಸಿದೆ. ಹೆಂಡತಿ ಸುಜಾತ ಇದನ್ನು ಸಹಿಸಿಕೊಂಡದ್ದು ಸಣ್ಣ ಮಾತಲ್ಲ. ಅವಳು ದಿನವೂ ಬಸ್ಸು ಹಿಡಿದು ಭಾಲ್ಕಿಗೆ ಹೋಗಿ ಪರರ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿ.

ಬೇಸಿಗೆಯ ಹೊತ್ತಿಗೆ ಅವಳ ಸಹನೆ ತೀರಿತು. "ನೋಡ್ರಿ, ನಿಮ್ಮ ಮನಿಸಾಲಿಯೊಳಗ ಸುರು ಆದದ್ದು ಭಾಳ, ಮುಗಿದದ್ದು ಒಂದೂ ಇಲ್ಲ. ಒಂದಾರ ಕೆಲಸ ಪೂರಾ ಮಾಡಿ ತೋರಸ್ರಿ. ಇಲ್ಲಂದ್ರ ಜೂನಿನಾಗ ಆಕಿ ಸೀದಾ ಸಾಲಿಗಿ."

ನನ್ನ ಉತ್ಸಾಹ ಭುಗಿಲೆದ್ದಿತು. ಮಾಡಿ ತೋರಿಸಬೇಕಾದ ಕೆಲಸ ಕೂಡಲೇ ಹೊಳೆಯಿತು: ಆಫ್ರಿಕಾದ ಸಾಂಪ್ರದಾಯಿಕ ಆಭರಣ! ಒಂದೇ ಏಟಿಗೆ ಭೂಗೋಳ, ಇತಿಹಾಸ, ಗಣಿತ, ಕೈಗೆಲಸ! ಕೀನ್ಯಾ ಮತ್ತು ತಾಂಜಾನಿಯಾದ ದನಗಾಹಿ ಮಸಾಯಿ ಜನಾಂಗದ ಹೆಂಗಸರು ಸಣ್ಣ ಮಣಿಗಳಿಂದ ತಟ್ಟೆಯಗಲದ ಕೊರಳಪಟ್ಟಿ ಮಾಡುತ್ತಾರೆ. ಕೆಂಪು ಧೈರ್ಯಕ್ಕೆ, ನೀಲಿ ಆಕಾಶಕ್ಕೆ, ಬಿಳಿ ಹಸುವಿನ ಹಾಲಿಗೆ. ಇದನ್ನು ನಾನು ಹತ್ತು ದಿನ ವಿವರಿಸಿದೆ. ಹನ್ನೊಂದನೆಯ ದಿನ ಮೈತ್ರಿ ಕೇಳಿದಳು: "ಪಪ್ಪಾ, ಮಣಿ ಮುಟ್ಟೂದು ಯಾವಾಗ?"

ಆ ಸಂಜೆ ಸುಜಾತ ಭಾಲ್ಕಿಯ ಬಳೆಯಂಗಡಿಯಿಂದ ಮೂರು ಬಣ್ಣದ ಮಣಿಗಳನ್ನು ತಂದು ನಮ್ಮ ಮುಂದಿಟ್ಟಳು. ನಾನು ಮಗಳ ಕೊರಳಿನ ಸುತ್ತಳತೆ ತೆಗೆದು, ಎರಡು ಬೆರಳಿನ ಸಡಿಲ ಕೂಡಿಸಿ, ಲೆಕ್ಕ ಬಿಡಿಸಿ, ತಂತಿಯ ಮೊದಲ ಉಂಗುರ ಕತ್ತರಿಸಿದೆ. ಅದರ ಸುತ್ತ ಹನ್ನೆರಡು ಉಂಗುರ, ಎಲ್ಲಕ್ಕೂ ಮಣಿ; ತುದಿಗಳನ್ನು ತಿರುಚಿ ಮುಚ್ಚಿ, ಎಲ್ಲವನ್ನೂ ದಾರದಿಂದ ಬಿಗಿದೆವು. ಪೋಣಿಸಿದವಳು ಮೈತ್ರಿ. ಅವಳ ಬೆರಳುಗಳು ಓಡುವುದನ್ನು ಕಂಡು ನನಗೆ ಕುಣಿಯಬೇಕೆನಿಸುತ್ತಿತ್ತು. ನಡುವೆ ಒಮ್ಮೆ, "ಪಪ್ಪಾ, ಹಾಕೊಂಡು ನೋಡ್ಲಾ?" ಅಂದಳು. ಲೆಕ್ಕದಿಂದ ಸಾಧಿಸಿದ್ದನ್ನು ಪುನಃ ಪರೀಕ್ಷಿಸುವುದು ಗಣಿತಕ್ಕೆ ಅವಮಾನವೆಂದು ನಾನು ಮೂರು ಅಂಶಗಳಲ್ಲಿ ಮನವರಿಕೆ ಮಾಡಿಸಿದೆ.

ಪ್ರದರ್ಶನ ಔರಾದ ತಾಲ್ಲೂಕಿನ ಸಂತಪುರದಲ್ಲಿ, ನನ್ನ ಅವ್ವನ ಮನೆಯಲ್ಲಿ. ಅವ್ವ ಜೀವನವಿಡೀ ಕುರಿ ಸಾಕಿದವಳು. ನಾನು ಪೀಠಿಕೆ ಮುಗಿಸಿ, ಪಟ್ಟಿಯನ್ನು ಗಂಭೀರವಾಗಿ ಮಗಳ ತಲೆಯ ಮೇಲಿಂದ ಇಳಿಸಿದೆ. ಅದು ನೆತ್ತಿಯ ಮೇಲೇ ನಿಂತಿತು. ಒತ್ತಿದೆ. ಅಲುಗಲಿಲ್ಲ. ಕೊರಳನ್ನು ಅಷ್ಟು ಕರಾರುವಾಕ್ಕಾಗಿ ಅಳೆದವನು, ಅದರ ಮೇಲೊಂದು ತಲೆ ಇರುತ್ತದೆಂಬುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಯಾಕಪಾ, ಇದು ಕೊರಳಿಂದೋ ತಲಿಂದೋ?" ಅವ್ವ ಕೇಳಿದಳು.

"ತಲೆಗೂ ಆಭರಣ ಧರಿಸುವ ಜನಾಂಗಗಳು..." ಎಂದು ನಾನು ಪಕ್ಷ ಬದಲಿಸತೊಡಗಿದೆ.

"ಸುಳ್ಳು ಹೇಳಬ್ಯಾಡ ಪಪ್ಪಾ, ಕೊರಳಿಂದೇ ಐತಿ," ಎಂದಳು ಮೈತ್ರಿ. ಕಣ್ಣು ತುಂಬಿದ್ದವು. ಸುಜಾತ ನಿಟ್ಟುಸಿರಿಟ್ಟು, "ನಾಳಿ ಸಾಲಿ ಫಾರಮ್ ತರ್ತೇನಿ," ಅಂದಳು.

ಅವ್ವ ಎದ್ದು ಗೂಟದಿಂದ ಹಳೆಯದೊಂದು ಪಟ್ಟಿ ತಂದಳು: ಟಗರಿನ ಕೊರಳಿಗೆ ಕಟ್ಟುವ, ಮಣಿ ಪೋಣಿಸಿದ ಪಟ್ಟಿ. ಒಂದು ತುದಿಗೆ ಗುಂಡಿ, ಇನ್ನೊಂದಕ್ಕೆ ಕುಣಿಕೆ. "ಟಗರಿಗಿ ಕೊಂಬು ಇರ್ತಾವ. ಮ್ಯಾಲಿಂದ ಹ್ಯಾಂಗ ಹಾಕ್ತಿ? ಹಿಂದ ಬಾಯಿ ಬಿಡಬೇಕು, ಕುಣಿಕಿ ಹಾಕಬೇಕು. ಆ ನಿನ್ನ ದನ ಕಾಯೋ ಹೆಣ್ಮಕ್ಕಳಿಗಿ ಇದು ಗೊತ್ತಿರಂಗಿಲ್ಲೇನು?"

ಗೊತ್ತಿತ್ತೋ ಇಲ್ಲವೋ ನಾನು ಓದಿರಲಿಲ್ಲ. ಬಾಯಿ ತೆರೆದೆ. "ನೀ ಸುಮ್ಕ ಕುಂದ್ರು," ಎಂದಳು ಅವ್ವ. ಅಜ್ಜಿ ಹಿಡಿದಳು, ಮೊಮ್ಮಗಳು ಇಕ್ಕಳದಿಂದ ಒಂದೊಂದೇ ಉಂಗುರ ಕತ್ತರಿಸಿ, ಮಣಿ ಚೆಲ್ಲದಂತೆ ತುದಿ ಮಡಚಿದಳು. "ಆಯಿ, ಗುಂಡಿ ಈ ಕಡಿಗಿ?" "ಹಾಂ, ನನ ಬಂಗಾರ." ಒಂದು ಮಧ್ಯಾಹ್ನವಿಡೀ ಹೀಗೆ. ಕೊನೆಗೆ ಕುಣಿಕೆ ಬಿಗಿದು ಮೈತ್ರಿ ಜಿಗಿದಾಗ, ಕೆಂಪು ಬಿಳಿ ನೀಲಿಯ ಪಟ್ಟಿ ಅವಳ ಹೆಗಲ ಮೇಲೆ ಎದ್ದೆದ್ದು ಬಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಲ್ಲರಿಗಿಂತ ಜೋರಾಗಿ ಸುಜಾತ.

"ಮನಿಸಾಲಿ ನಡೀಲಿ," ಎಂದು ಅವಳು ತೀರ್ಪಿತ್ತಳು. ವಿಜಯಭಾಷಣಕ್ಕೆಂದು ನಾನು ಎದ್ದು ನಿಂತೆ. "ಆದ್ರ ಮಾಸ್ತರ್ ಬದಲಾಗ್ಬೇಕು. ಅತ್ತಿ, ನೀವು ಬೀದರಿಗಿ ಬರ್ರಿ."

ಅವ್ವ ಬಂದಿದ್ದಾಳೆ. ನಮ್ಮ ಶಾಲೆಯಲ್ಲೀಗ ಇಬ್ಬರು ವಿದ್ಯಾರ್ಥಿಗಳು, ಎರಡನೆಯವನು ನಾನು. ನಿನ್ನೆ ಪಾಠದ ನಡುವೆ ಪೂರ್ವಾಫ್ರಿಕಾದ ಹವಾಮಾನದ ಬಗ್ಗೆ ಎರಡು ಮಾತಾಡಿದ್ದಕ್ಕೆ ನನ್ನನ್ನು ತರಗತಿಯಿಂದ ಹೊರಗೆ ಕಳಿಸಿದರು. ಮೈತ್ರಿಯ ಕುತೂಹಲವೇನೋ ಸತ್ತಿಲ್ಲ. ಒಳಗಿನಿಂದ ನಗು ಕೇಳುತ್ತಲೇ ಇತ್ತು. ನಾನು ಅಂಗಳದಲ್ಲಿ ನಿಂತು, ಈ ಅನ್ಯಾಯದ ವಿರುದ್ಧ ಮೂರು ಅಂಶಗಳನ್ನು ಸಿದ್ಧಪಡಿಸಿದೆ. ಕೇಳುವವರು ಯಾರೂ ಬರಲಿಲ್ಲ.